ನೋಡುವ ಕಣ್ಣು, ಕಾಯುವ ಕೈ
ದಾವಣಗೆರೆಯ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ಕಲಿಕೆ

ಕಾಯಿಲೆ, ಪೆಟ್ಟು ಅಥವಾ ಮುಪ್ಪಿನಿಂದ ಕುಂದಿದ ದೇಹದ ಚಲನೆಯನ್ನು ವ್ಯಾಯಾಮ, ಕೈಯ ಒತ್ತಡ, ಶಾಖ, ವಿದ್ಯುತ್ ಮುಂತಾದ ಭೌತಿಕ ಸಾಧನಗಳ ಮೂಲಕ ಮರಳಿ ಗಳಿಸಿಕೊಡುವ ಚಿಕಿತ್ಸಾಕ್ರಮಕ್ಕೆ ಫಿಸಿಯೋಥೆರಪಿ ಅಥವಾ ಭೌತಚಿಕಿತ್ಸೆ ಎಂದು ಹೆಸರು. ಈ ವಿದ್ಯೆಯನ್ನು ಕಲಿಯಲು ಬರುವ ವಿದ್ಯಾರ್ಥಿ ರೋಗಿಯ ಮೈ ಮುಟ್ಟುವುದಕ್ಕೆ ಮೊದಲು ಅನೇಕ ದಿನ ಚಿಕಿತ್ಸಕರ ಪಕ್ಕದಲ್ಲಿ ನಿಂತು ನೋಡುತ್ತಾನೆ. ಹೊರಗಿನವರಿಗೆ ಇದು ಬರಿದೆ ಕಾಲ ಕಳೆದಂತೆ ತೋರಬಹುದಾದರೂ ಮುಂದೆ ಆ ವಿದ್ಯಾರ್ಥಿಯ ಕೈಗೆ ಬರುವ ಹದವೆಲ್ಲ ಈ ನೋಟದಿಂದಲೇ ಹುಟ್ಟುವಂಥದ್ದು.

ಇಂಥ ಕಲಿಕೆಗೆ ದಾವಣಗೆರೆ ಹೇಳಿಮಾಡಿಸಿದ ಊರು. 1958ರಲ್ಲಿ ಸ್ಥಾಪನೆಯಾದ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಆರಂಭವಾದ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು, ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇವುಗಳಿಂದಾಗಿ ವಿದ್ಯಾನಗರದಂಥ ಬಡಾವಣೆಗಳಲ್ಲಿ ಬಿಳಿ ಕೋಟು ತೊಟ್ಟ ವಿದ್ಯಾರ್ಥಿಗಳು ಕಾಣುವುದು ಇಲ್ಲಿನವರಿಗೆ ಹೊಸತಲ್ಲ. ಸುತ್ತಲಿನ ಜನರ ಕಸುಬುಗಳೂ ಪಾಠದ ಭಾಗವೇ ಆಗಿವೆ. ಭದ್ರಾ ನಾಲೆಯ ಬಯಲಿನಲ್ಲಿ ದಿನವಿಡೀ ಬಗ್ಗಿ ಭತ್ತದ ಸಸಿ ನೆಡುವ ಹೆಂಗಸರ ಸೊಂಟ, ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರ ಬೆನ್ನು, ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ಕೈಯಾಡಿಸುವವರ ಭುಜ, 48ನೇ ರಾಷ್ಟ್ರೀಯ ಹೆದ್ದಾರಿಯ ಅಪಘಾತಗಳಲ್ಲಿ ಮುರಿದ ಕಾಲು, 1941ರಲ್ಲಿ ಕಿರ್ಲೋಸ್ಕರ್ ಲೇಥ್ ಕಾರ್ಖಾನೆ ತಲೆಯೆತ್ತಿದಂದಿನಿಂದ ಕೈಗಾರಿಕಾ ಊರಾದ ಹರಿಹರದ ಕಾರ್ಮಿಕರ ಕೈಬೆರಳು, ಇವೆಲ್ಲ ಬೇರೆ ಬೇರೆ ಬಗೆಯಲ್ಲಿ ದಣಿಯುತ್ತವೆ ಮತ್ತು ಬೇರೆ ಬೇರೆ ಬಗೆಯ ಆರೈಕೆಯನ್ನು ಬೇಡುತ್ತವೆ.

ಆಧುನಿಕ ಭೌತಚಿಕಿತ್ಸೆಯ ಬೇರುಗಳನ್ನು ಪೆರ್ ಹೆನ್ರಿಕ್ ಲಿಂಗ್ ಎಂಬವರು 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ತೆರೆದ ವ್ಯಾಯಾಮ ಸಂಸ್ಥೆಯಲ್ಲಿಯೂ 1894ರಲ್ಲಿ ಇಂಗ್ಲೆಂಡಿನ ನಾಲ್ವರು ದಾದಿಯರು ಕಟ್ಟಿದ ಸಂಘದಲ್ಲಿಯೂ ಗುರುತಿಸುವುದು ರೂಢಿ. ಭಾರತದಲ್ಲಿ ಈ ಶಿಕ್ಷಣ 1950ರ ದಶಕದ ಆರಂಭದಲ್ಲಿ, ಮುಂಬಯಿಯಲ್ಲಿ ಪೋಲಿಯೊ ಹರಡಿದ ಸಂದರ್ಭದಲ್ಲಿ, ಅಲ್ಲಿಯೇ ಮೊದಲುಗೊಂಡಿತು. ಆದರೆ ಈ ವೃತ್ತಿಯನ್ನು ದೇಶದಾದ್ಯಂತ ಒಂದು ಶಾಸನದ ಅಡಿಗೆ ತರುವ ಕಾಯಿದೆ ಬಂದದ್ದು 2021ರಲ್ಲಿ. ಇಷ್ಟು ತಡವಾದದ್ದು ರೋಗಿಗಳಿಗೂ ವಿದ್ಯಾರ್ಥಿಗಳಿಗೂ ಆದ ನಷ್ಟವೆಂದೇ ಹೇಳಬೇಕು.

ವಿದ್ಯಾರ್ಥಿ ಮೊದಲು ನೋಡಲು ಕಲಿಯಬೇಕಾದದ್ದು ನಡಿಗೆಯನ್ನು. ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ಬರುವಷ್ಟರಲ್ಲಿ ಅನುಭವಿ ಚಿಕಿತ್ಸಕರು ಅರ್ಧ ಪರೀಕ್ಷೆಯನ್ನು ಮುಗಿಸಿರುತ್ತಾರೆ. ಲಕ್ವ ಹೊಡೆದವರ ಕಾಲು ಮಂಡಿಯಲ್ಲಿ ಮಡಚದೆ, ಕುಡುಗೋಲು ಬೀಸಿದಂತೆ ಹೊರಗಿನಿಂದ ಅರ್ಧವೃತ್ತ ಸುತ್ತಿ ಮುಂದೆ ಬರುತ್ತದೆ. ಪಾದವನ್ನು ಮೇಲೆತ್ತುವ ನರ ಸೋತವರು ಬೆರಳು ನೆಲಕ್ಕೆ ತಾಗದಿರಲೆಂದು ಮೊಣಕಾಲನ್ನು ಎತ್ತರಕ್ಕೆ ಎತ್ತಿ ಹೆಜ್ಜೆಯಿಡುತ್ತಾರೆ. ಸೊಂಟದ ಪಕ್ಕದ ಸ್ನಾಯು ದುರ್ಬಲವಾದವರು ಆ ಬದಿಯ ಕಾಲಿನ ಮೇಲೆ ನಿಂತಾಗ ಎದುರು ಬದಿಯ ಸೊಂಟ ಕೆಳಗೆ ಜಾರುತ್ತದೆ. ಪುಸ್ತಕದಲ್ಲಿ ಇವುಗಳ ಚಿತ್ರಗಳಿರುತ್ತವೆ, ಆದರೆ ಚಿತ್ರ ನಿಂತಿರುತ್ತದೆ, ರೋಗಿ ನಡೆಯುತ್ತಿರುತ್ತಾನೆ. ಆ ಒಂದು ಕ್ಷಣದ ಜಾರುವಿಕೆಯನ್ನು ಹಿಡಿಯಲು ಕಣ್ಣು ಪಳಗಬೇಕು.

ಸ್ನಾಯುಬಲವನ್ನು ಅಳೆಯುವ ಕ್ರಮವೂ ಹೀಗೆಯೇ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ ಸೊನ್ನೆಯಿಂದ 5ರವರೆಗಿನ ಅಳತೆ ಇಂದಿಗೂ ಬಳಕೆಯಲ್ಲಿದೆ. ಸ್ನಾಯು ಕಿಂಚಿತ್ತೂ ಮಿಡಿಯದಿದ್ದರೆ ಸೊನ್ನೆ, ಮಿಡಿದರೂ ಅಂಗ ಅಲುಗದಿದ್ದರೆ 1, ಹಾಸಿಗೆಯ ಮೇಲೆ ಅಡ್ಡಡ್ಡ ಸರಿಯಬಲ್ಲದಾದರೆ 2, ಭೂಮಿಯ ಸೆಳೆತವನ್ನು ಮೀರಿ ಮೇಲೇಳಬಲ್ಲದಾದರೆ 3, ಎದುರೊತ್ತಡವನ್ನು ಕೊಂಚ ತಡೆಯಬಲ್ಲದಾದರೆ 4, ಪೂರ್ಣ ಬಲವಿದ್ದರೆ 5. ಲೆಕ್ಕ ಸುಲಭ, ನೋಟ ಕಷ್ಟ. ತೋಳೆತ್ತಲಾಗದ ರೋಗಿ ಭುಜವನ್ನೇ ಕಿವಿಯತ್ತ ಎಳೆದುಕೊಂಡು, ಮೈಯನ್ನು ಪಕ್ಕಕ್ಕೆ ವಾಲಿಸಿ, ತೋಳು ಎದ್ದಂತೆ ತೋರಿಸುತ್ತಾನೆ. ಇದು ಮೋಸವಲ್ಲ, ಸೋತ ಸ್ನಾಯುವಿನ ಕೆಲಸವನ್ನು ಪಕ್ಕದ ಸ್ನಾಯು ತಾನಾಗಿ ವಹಿಸಿಕೊಳ್ಳುವ ದೇಹದ ಸಹಜ ಉಪಾಯ. ಅದನ್ನು ಗುರುತಿಸದ ವಿದ್ಯಾರ್ಥಿ 2 ಎಂದು ಬರೆಯಬೇಕಾದಲ್ಲಿ 3 ಎಂದು ಬರೆಯುತ್ತಾನೆ, ಮುಂದಿನ ವ್ಯಾಯಾಮವೆಲ್ಲ ತಪ್ಪು ಲೆಕ್ಕದ ಮೇಲೆ ನಿಲ್ಲುತ್ತದೆ.

ನೋಡುವುದರ ಜೊತೆಗೆ ಕೇಳಿಸಿಕೊಳ್ಳುವುದೂ ಇದೆ. ರೋಗಿ ಹೇಳಿದ್ದು, ಪರೀಕ್ಷೆಯಲ್ಲಿ ಕಂಡದ್ದು, ಅದರಿಂದ ಬಂದ ನಿರ್ಣಯ, ಮುಂದಿನ ಯೋಜನೆ ಎಂಬ ನಾಲ್ಕು ಭಾಗಗಳಲ್ಲಿ ಟಿಪ್ಪಣಿ ಬರೆಯುವುದು ಆಸ್ಪತ್ರೆಗಳ ಪದ್ಧತಿ. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುವುದರಿಂದ ಮೊದಲ ಭಾಗವೇ ಹೆಚ್ಚಾಗಿ ಬಡವಾಗುತ್ತದೆ. ಕಾಲು ಜೋಮು ಹಿಡಿಯುತ್ತದೆ ಎನ್ನುವವರಲ್ಲಿ ನರದ ಮೇಲಿನ ಒತ್ತಡವನ್ನು ಅನುಮಾನಿಸಬೇಕಾಗಬಹುದು, ಸೆಳೆಯುತ್ತದೆ ಎನ್ನುವವರಲ್ಲಿ ಸ್ನಾಯುವಿನ ಬಿಗಿತವನ್ನು, ಉಳುಕಿದೆ ಎನ್ನುವವರಲ್ಲಿ ಕೀಲಿನ ಸುತ್ತಲಿನ ಕಟ್ಟುಗಳನ್ನು. ಈ ಮೂರನ್ನೂ ನೋವು ಎಂಬ ಒಂದೇ ಮಾತಿನಡಿ ಬರೆದುಕೊಂಡರೆ ರೋಗಿ ತಾನೇ ಕೊಟ್ಟ ಸುಳಿವು ಕಾಗದಕ್ಕೆ ಬಾರದೆ ಕಳೆದುಹೋಗುತ್ತದೆ.

ಲಕ್ವದ ರೋಗಿಯ ಹಾಸಿಗೆಯ ಬಳಿ ಕಲಿಯುವಷ್ಟನ್ನು ವಿದ್ಯಾರ್ಥಿ ಬೇರೆಲ್ಲೂ ಕಲಿಯಲಾರ. ಮಿದುಳಿನಿಂದ ಇಳಿದುಬರುವ ಚಾಲಕ ನರತಂತುಗಳಲ್ಲಿ ಬಹುಪಾಲು ಮಿದುಳಿನ ಬುಡದಲ್ಲಿ ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ದಾಟುವುದರಿಂದ ಮಿದುಳಿನ ಎಡಭಾಗಕ್ಕೆ ರಕ್ತದ ಹರಿವು ನಿಂತರೆ ಮೈಯ ಬಲಭಾಗ ಸೋಲುತ್ತದೆ. ಆರಂಭದ ದಿನಗಳಲ್ಲಿ ಕೈ ಪೂರ್ತಿ ಸಡಿಲವಾಗಿರುತ್ತದೆ. ಭುಜದ ಕೀಲಿನ ಬಟ್ಟಲು ಆಳವಿಲ್ಲದ್ದಾಗಿದ್ದು, ತೋಳಿನ ಮೂಳೆಯ ಗುಂಡನ್ನು ಅದರಲ್ಲಿ ಹಿಡಿದಿಡುವುದು ಸುತ್ತಲಿನ ಸ್ನಾಯುಗಳೇ ಆದ್ದರಿಂದ, ಅವು ಸೋತಾಗ ತೋಳಿನ ಭಾರಕ್ಕೇ ಕೀಲು ಕೆಳಗೆ ಸರಿಯುತ್ತದೆ. ಮನೆಯವರು ಪ್ರೀತಿಯಿಂದಲೇ, ಎಬ್ಬಿಸಿ ಕೂರಿಸಬೇಕೆಂದು, ಆ ಸೋತ ಕೈಯನ್ನು ಹಿಡಿದು ಎಳೆಯುತ್ತಾರೆ. ಕೆಲವು ವಾರಗಳ ಬಳಿಕ ಕಾಣಿಸಿಕೊಳ್ಳುವ ತೀವ್ರ ಭುಜನೋವಿಗೆ ಇದೂ ಒಂದು ಕಾರಣ. ಆದ್ದರಿಂದ ಚಿಕಿತ್ಸಕರು ಮೊದಲ ದಿನವೇ ದಿಂಬನ್ನು ಎಲ್ಲಿಡಬೇಕು, ಸೋತ ತೋಳಿಗೆ ಆಸರೆ ಹೇಗೆ ಕೊಡಬೇಕು, ಬೆನ್ನಿನ ಹಿಂದೆ ಕೈಯಿಟ್ಟು ಹೇಗೆ ಎಬ್ಬಿಸಬೇಕು ಎಂಬುದನ್ನು ಮನೆಯವರಿಗೆ ತೋರಿಸಿಕೊಡುತ್ತಾರೆ. ಚಿಕಿತ್ಸಕರು ರೋಗಿಯ ಬಳಿ ಇರುವುದು ದಿನಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ, ಉಳಿದ ಹೊತ್ತೆಲ್ಲ ಮಗಳೋ ಸೊಸೆಯೋ ಇರುತ್ತಾರೆ. ಅವರಿಗೆ ಕಲಿಸುವ ರೀತಿಯನ್ನು ವಿದ್ಯಾರ್ಥಿ ಗಮನವಿಟ್ಟು ನೋಡಬೇಕು.

ಫಿಸಿಯೋಥೆರಪಿ ಎಂದರೆ ಕರೆಂಟ್ ಕೊಡುವುದು ಎಂಬ ನಂಬಿಕೆ ಜನರಲ್ಲಿ ವ್ಯಾಪಕವಾಗಿದೆ. ಚರ್ಮದ ಮೇಲೆ ಪಟ್ಟಿಗಳನ್ನಿಟ್ಟು ಸಣ್ಣ ವಿದ್ಯುತ್ ಮಿಡಿತ ಹಾಯಿಸುವ ಯಂತ್ರಗಳು ನೋವನ್ನು ತಾತ್ಕಾಲಿಕವಾಗಿ ತಗ್ಗಿಸಬಲ್ಲವು. ಮುಟ್ಟುವಿಕೆಯ ಸಂದೇಶಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶಗಳಿಗೆ ಬಾಗಿಲು ಮುಚ್ಚುತ್ತವೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮಂಡಿಸಿದ ಸಿದ್ಧಾಂತ ಇದಕ್ಕೆ ಆಧಾರ. ಆದರೆ ನೋವು ತಗ್ಗಿದ ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿಸದಿದ್ದರೆ ಯಂತ್ರದಿಂದ ದೊರೆತ ಲಾಭ ಉಳಿಯುವುದಿಲ್ಲ.

ಪಠ್ಯಪುಸ್ತಕದ ಗುರಿಗೂ ಇಲ್ಲಿನ ಬದುಕಿಗೂ ಇರುವ ಅಂತರ ಮಂಡಿಯ ವಿಷಯದಲ್ಲಿ ಎದ್ದು ಕಾಣುತ್ತದೆ. ಗೋನಿಯೋಮೀಟರ್ ಎಂಬ ಕೋನಮಾಪಕದಿಂದ ಅಳೆದರೆ ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿ ಸುಮಾರು 60ರಿಂದ 70 ಡಿಗ್ರಿ ಮಡಚಿದರೆ ಸಾಕು. ಕುಕ್ಕುರುಗಾಲಿನಲ್ಲಿ ಕೂರಲು 120ಕ್ಕಿಂತಲೂ ಹೆಚ್ಚು ಬೇಕು. ಕುರ್ಚಿ, ಮೇಜುಗಳ ಸಮಾಜದಲ್ಲಿ ಬರೆದ ಪುಸ್ತಕಕ್ಕೆ ತೃಪ್ತಿ ಕೊಡುವ ಕೋನ, ನೆಲದ ಮೇಲೆ ಕೂತು ರೊಟ್ಟಿ ತಟ್ಟುವ, ಗದ್ದೆಯಲ್ಲಿ ಕಳೆ ಕೀಳುವ ಹೆಂಗಸಿಗೆ ಸಾಲುವುದಿಲ್ಲ. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಆದವರಿಗಾದರೋ ಹಾಗೆ ಕೂರದಂತೆ ಸಲಹೆ ಕೊಡುವುದೇ ಸಾಮಾನ್ಯವಾದ್ದರಿಂದ, ಶೌಚಾಲಯ ಯಾವ ಬಗೆಯದು, ಒಲೆ ಎಷ್ಟು ಎತ್ತರದಲ್ಲಿದೆ, ಹೊಸ್ತಿಲು ದಾಟಲು ಎಷ್ಟು ಕಾಲೆತ್ತಬೇಕು ಎಂಬುದನ್ನೆಲ್ಲ ವಿಚಾರಿಸಬೇಕಾಗುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಊರುಗೋಲು ನೋವಿನ ಕಾಲಿನ ಎದುರು ಕೈಯಲ್ಲಿ ಎಂಬ ಸರಳ ಪಾಠಗಳನ್ನೂ ಆಗಲೇ ಹೇಳಿಕೊಡುತ್ತಾರೆ.

ನೋಡಲು ನಿಂತವರಿಗೂ ಕಟ್ಟುಪಾಡುಗಳಿವೆ. ರೋಗಿಯ ಒಪ್ಪಿಗೆ ಪಡೆಯದೆ ಪರದೆಯೊಳಗೆ ಕಾಲಿಡಬಾರದು, ಟಿಪ್ಪಣಿಯಲ್ಲಿ ಹೆಸರು ಬರೆಯಬಾರದು, ಚಿತ್ರ ತೆಗೆಯಬಾರದು, ಚಿಕಿತ್ಸಕರು ಹೇಳದೆ ಮೈ ಮುಟ್ಟಬಾರದು. ಸೀರೆಯ ಸೆರಗು ಸರಿಸಿ ಭುಜ ತೋರಿಸುವುದಕ್ಕೂ ಸಂಕೋಚಪಡುವ ಹಿರಿಯ ಹೆಂಗಸಿನೆದುರು ಗುಂಪಾಗಿ ನಿಲ್ಲುವ ವಿದ್ಯಾರ್ಥಿಗಳಿಗೆ, ಆಕೆ ಪಾಠದ ವಸ್ತುವಲ್ಲ ಎಂಬ ಅರಿವು ಪ್ರತಿ ಸಲವೂ ಇರಬೇಕು.

ಎಲ್ಲಕ್ಕಿಂತ ತಡವಾಗಿ ಕಣ್ಣಿಗೆ ಬೀಳುವುದು ಚಿಕಿತ್ಸಕರು ಕೈ ಹಿಂತೆಗೆಯುವ ಹೊತ್ತು. ಎರಡು ಸಮಾನಾಂತರ ಕಂಬಿಗಳ ನಡುವೆ ರೋಗಿಯನ್ನು ನಡೆಸುವಾಗ ಅವರು ಸೋತ ಬದಿಯಲ್ಲಿ, ತುಸು ಹಿಂದೆ ನಿಲ್ಲುತ್ತಾರೆ. ಮೊದಲ ದಿನಗಳಲ್ಲಿ ಸೊಂಟದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿರುವ ಕೈ ಕೆಲವು ದಿನಗಳಲ್ಲಿ ಬರಿದೆ ತಾಗಿಕೊಂಡಿರುತ್ತದೆ, ಇನ್ನೂ ಕೆಲವು ದಿನಗಳ ಬಳಿಕ ತಾಗುವುದೂ ಇಲ್ಲ. ಬೇಗ ಬಿಟ್ಟರೆ ರೋಗಿ ಬೀಳುತ್ತಾನೆ, ಹೆಚ್ಚು ದಿನ ಹಿಡಿದರೆ ಸ್ನಾಯುವಾಗಲಿ ಧೈರ್ಯವಾಗಲಿ ಬೆಳೆಯುವುದಿಲ್ಲ. ಇದಕ್ಕೆ ಕೋನಮಾಪಕವಾಗಲಿ ಅಂಕಿಯಾಗಲಿ ಇಲ್ಲದಿರುವುದರಿಂದ ವಿದ್ಯಾರ್ಥಿ ರೋಗಿಯ ಪಾದವನ್ನೂ ಚಿಕಿತ್ಸಕರ ಬೆರಳುಗಳನ್ನೂ ಒಟ್ಟೊಟ್ಟಿಗೆ ನೋಡುತ್ತ ನಿಲ್ಲುತ್ತಾನೆ. ರೋಗಿಗೆ ತಿಳಿಯದಂತೆ, ಅವನ ಬೆನ್ನಿನಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ, ಆ ಕೈ ಇನ್ನೂ ತೆರೆದುಕೊಂಡೇ ಜೊತೆಗೆ ಸಾಗುತ್ತಿರುತ್ತದೆ.