ಪಿಕಪ್ ತಗ್ಗಿಸುವ ಮುನ್ನ

ಚಿಕ್ಕಪ್ಪನ ಮಗ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡಾಗ ಅದರ ಮುಂಭಾಗ ಆಗಲೇ ತಗ್ಗಿತ್ತು. ‘ಸ್ಟೈಲಾಗಿದೆ ಅಲ್ವಾ ಅಕ್ಕ? ಹಿಂದೇನೂ ಇಳಿಸಿಬಿಡೋಣ, ನೀನೇ ಹೇಳು ಹೇಗೆ ಅಂತ’ ಎಂದ. ನಾನು ಆಟೊಮೊಬೈಲ್ ಡಿಪ್ಲೊಮಾ ಕೊನೆಯ ವರ್ಷದವಳು. ಮನೆಯಲ್ಲಿ ಯಾರ ಸ್ಕೂಟರ್ ಕೆಮ್ಮಿದರೂ ಕರೆ ಬರುವುದು ನನಗೇ. ಚಕ್ರದ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಹಳೆಯ ಮಾಲೀಕರು ಮುಂದಿನ ಕಾಯಿಲ್ ಸ್ಪ್ರಿಂಗನ್ನು ಗ್ರೈಂಡರ್‌ನಲ್ಲಿ ಕತ್ತರಿಸಿಹಾಕಿದ್ದರು!

ಇವನ ಕಸುಬು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೂವು, ಟೊಮೆಟೊ ಸಾಗಿಸುವುದು. ಬ್ಯಾಂಕಿನ ಕಂತು ಕಟ್ಟಬೇಕಾದ್ದೂ ಆ ಬಾಡಿಗೆಯಲ್ಲೇ. ಗಾಡಿಯೋ, ಪ್ರತಿ ಹಂಪಿಗೂ ‘ಢಣ್’ ಎನ್ನುತ್ತಿತ್ತು.

ಸ್ಪ್ರಿಂಗ್ ಕತ್ತರಿಸಿದರೆ ಮೆತ್ತಗಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆಗುವುದು ಉಲ್ಟಾ. ಎಂಟು ಸುತ್ತಿನ ಸ್ಪ್ರಿಂಗಿನಲ್ಲಿ ಎರಡು ಸುತ್ತು ತೆಗೆದರೆ ಉಳಿದದ್ದು ಮೊದಲಿಗಿಂತ ಮೂರನೇ ಒಂದು ಪಾಲಿನಷ್ಟು ಹೆಚ್ಚು ಬಿಗಿಯಾಗುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡುವ ಸೂತ್ರ ಇದೇ. ಅದಕ್ಕಿಂತ ದೊಡ್ಡ ನಷ್ಟ ಜಾಗದ್ದು. ಗುಂಡಿ, ಹಂಪು ಬಂದಾಗ ಚಕ್ರ ಮೇಲೇಳಲು ಒಂದಿಷ್ಟು ಖಾಲಿ ಜಾಗ ಬೇಕು. ಅದು ಮುಗಿದರೆ ರಬ್ಬರಿನ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಆ ಕ್ಷಣಕ್ಕೆ ನಿಮ್ಮದು ಪಿಕಪ್ ಅಲ್ಲ, ಎತ್ತಿನಗಾಡಿ.

ಹಾಗಾದರೆ ಇವನು ಮೊಬೈಲಿನಲ್ಲಿ ನೋಡುವ ಅಮೆರಿಕದ ಪಿಕಪ್‌ಗಳು ನೆಲಕ್ಕೆ ತಾಗುವಂತಿದ್ದರೂ ಹಾಯಾಗಿ ಓಡುವುದು ಹೇಗೆ? ಅಲ್ಲಿ 1988ರಿಂದ 1998ರವರೆಗಿನ ಶೆವ್ರೊಲೆ ಸಿ1500 ಇಂಥ ಕೆಲಸಕ್ಕೆ ಹೆಸರುವಾಸಿ. ಮುಂದೆ 4 ಇಂಚು, ಹಿಂದೆ 6 ಇಂಚು ಇಳಿಸುವುದು ಸಾಮಾನ್ಯ. ಖಾಲಿ ಪಿಕಪ್ ಹಿಂದೆ ಎತ್ತರವಾಗಿ ನಿಲ್ಲುವುದರಿಂದ ಅಲ್ಲಿ ಹೆಚ್ಚು. ಮುಂದೆ ಸ್ಪ್ರಿಂಗ್ ಮುಟ್ಟದೆ ಡ್ರಾಪ್ ಸ್ಪಿಂಡಲ್ ಹಾಕುತ್ತಾರೆ. ಅದರಲ್ಲಿ ಚಕ್ರ ಕೂರುವ ತುದಿಯೇ ಒಂದೆರಡು ಇಂಚು ಮೇಲಿರುತ್ತದೆ. ಬಾಡಿ ಅಷ್ಟು ಕೆಳಗಿಳಿಯುತ್ತದೆ, ಸ್ಪ್ರಿಂಗಿನ ಗುಣ ಮತ್ತು ಓಡಾಟ ಇದ್ದ ಹಾಗೇ ಇರುತ್ತದೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ನಮ್ಮ ಗ್ಯಾರೇಜಿನವರು ಬ್ಲೇಡ್ ಎನ್ನುವುದು, ಅದರ ಕೆಳಗಿದ್ದ ಹೌಸಿಂಗನ್ನು ಮೇಲಕ್ಕೆ ಕೂರಿಸುತ್ತಾರೆ. ಆಗ ಹೌಸಿಂಗ್ ಚಾಸಿಗೆ ಹತ್ತಿರವಾಗುತ್ತದೆ. ಅದು ಬಡಿಯದಿರಲು ಚಾಸಿಯಲ್ಲಿ ಅರ್ಧಚಂದ್ರದಂತೆ ಕಚ್ಚು ತೆಗೆದು ದಪ್ಪ ಉಕ್ಕಿನ ತಗಡು ಬಿಗಿಯುತ್ತಾರೆ. ಶಾಕ್ ಅಬ್ಸಾರ್ಬರ್, ಬಂಪ್ ಸ್ಟಾಪ್ ಎರಡೂ ಗಿಡ್ಡನೆಯವು. ಪ್ರೊಪೆಲ್ಲರ್ ಶಾಫ್ಟಿನ ಕೋನವನ್ನೂ ಸರಿಮಾಡಬೇಕು, ಇಲ್ಲದಿದ್ದರೆ ಸ್ಪೀಡಿನಲ್ಲಿ ನಡುಕ. ಒಟ್ಟಿನಲ್ಲಿ ಎತ್ತರ ಕಳೆದರೂ ಚಕ್ರದ ಜಾಗ ಕಳೆಯದಂತೆ ನೋಡಿಕೊಳ್ಳುತ್ತಾರೆ.

‘ಹಾಗಾದ್ರೆ ನಾವೂ ಹಾಗೇ ಮಾಡೋಣ’ ಎಂದ. ಅಲ್ಲಿನ ಆ ಗಾಡಿಗಳು ಹೆಚ್ಚಾಗಿ ಶೋಕಿಯವು ಕಣೋ, ದಿನಾ ಕ್ರೇಟು ಹೊರುವವಲ್ಲ ಎಂದೆ. ಲೋಡು ಬಿದ್ದಾಗ ಹಿಂಭಾಗ ತಾನಾಗಿಯೇ ಕೂರುತ್ತದೆ. ಮೊದಲೇ ಇಳಿಸಿದ್ದರೆ ಕೂರಲು ಉಳಿಯುವುದೆಷ್ಟು? ತಳದ ಕ್ರೇಟಿನ ಹಣ್ಣು ಜಜ್ಜಿದರೆ ಮಂಡಿಯಲ್ಲಿ ದುಡ್ಡು ಮುರಿದುಕೊಳ್ಳುವುದು ಇವನಿಗೇ. ಜೊತೆಗೆ ಕಾನೂನೂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಚಾಸಿ ಕತ್ತರಿಸಿಕೊಂಡು ಎಫ್‌ಸಿಗೆ ಹೋಗುವ ಧೈರ್ಯ ಇವನಿಗೂ ಬರಲಿಲ್ಲ.

ಕೊನೆಗೆ ಮುಂದಿನ ಎರಡೂ ಕಡೆ ಕಂಪನಿ ಸ್ಪ್ರಿಂಗ್ ಹಾಕಿಸಿದೆವು. ಒಂದೇ ಕಡೆ ಬದಲಿಸಿದರೆ ಗಾಡಿ ವಾಲುತ್ತದೆ. ಹರಿದುಹೋಗಿದ್ದ ಬಂಪ್ ಸ್ಟಾಪ್ ಹೊಸದಾದವು, ವೀಲ್ ಅಲೈನ್‌ಮೆಂಟ್ ಆಯಿತು. ಹಿಂದೆ ಬ್ಲೇಡಿನ ಸವೆದ ಬುಷ್ ಬದಲಿಸಿ, ಟೈರಿನ ಗಾಳಿಯನ್ನು ಲೋಡಿಗೆ ತಕ್ಕಂತೆ ಇಡಲು ಹೇಳಿಕೊಟ್ಟೆ. ‘ಢಣ್’ ಸದ್ದು ನಿಂತಿದೆ. ಈಗ ಅವನ ಕಣ್ಣು ಅಲಾಯ್ ವೀಲ್ ಮೇಲೆ ಬಿದ್ದಿದೆ.