ಐನೂರು ವ್ಯಾಟ್ ಸಾಕು ಅಂದಿದ್ದು ನಾನೇ

ಬಿ.ಜಿ. ಕೆರೆಯಿಂದ ತಂಗಿ ಫೋನ್ ಮಾಡಿದಾಗ ರಾತ್ರಿ ಹನ್ನೊಂದು ದಾಟಿತ್ತು. ‘ಅಣ್ಣ, ಮತ್ತೆ ಆಫ್ ಆಯ್ತು’ ಅಂದಳು. ಆ ವಾರದಲ್ಲಿ ಅದು ನಾಲ್ಕನೇ ಸಲ.

ಅವಳು ನನ್ನ ಚಿಕ್ಕಪ್ಪನ ಮಗಳು, ಎಂಜಿನಿಯರಿಂಗ್ ಕೊನೇ ವರ್ಷ. ಶೇಂಗಾ ಎಲೆಯ ಫೋಟೊ ನೋಡಿ ಟಿಕ್ಕಾ ರೋಗ ಇದೆಯೋ ಇಲ್ಲವೋ ಹೇಳುವ ಪ್ರೋಗ್ರಾಂ ಅವಳ ಪ್ರಾಜೆಕ್ಟ್. ನಮ್ಮ ಚಳ್ಳಕೆರೆ–ಮೊಳಕಾಲ್ಮುರು ಸೀಮೆಯಲ್ಲಿ ಮಳೆ ನಂಬಿ ಬಿತ್ತುವ ಬೆಳೆ ಅಂದರೆ ಶೇಂಗಾ. ಎಲೆಯಲ್ಲಿ ಚುಕ್ಕೆ ಬಿದ್ದರೆ ಮನೆಯಲ್ಲಿ ಮಾತು ಕಮ್ಮಿಯಾಗುತ್ತೆ. ಹಾಗಾಗಿ ಆ ಪ್ರಾಜೆಕ್ಟ್ ಅವಳಿಗೆ ಬರೀ ಮಾರ್ಕ್ಸ್ ವಿಷಯ ಆಗಿರಲಿಲ್ಲ. ಸ್ವಂತ ಹೊಲದಲ್ಲೇ ಬಗ್ಗಿ ಕೂತು ನೂರಾರು ಫೋಟೊ ತೆಗೆದಿದ್ದಳು.

ಅಷ್ಟು ಫೋಟೊ ಕೊಟ್ಟು ಮಾಡೆಲ್‌ಗೆ ಟ್ರೈನಿಂಗ್ ಮಾಡೋಕೆ ಗ್ರಾಫಿಕ್ಸ್ ಕಾರ್ಡ್ ಬೇಕು. ಚಿಕ್ಕಪ್ಪ ಶೇಂಗಾ ಮಾರಿದ ದುಡ್ಡಲ್ಲಿ ಆರ್‌ಟಿಎಕ್ಸ್ 3060 ಕೊಡಿಸಿದರು. ತರುವ ಮುಂಚೆ ತಂಗಿ ನನ್ನನ್ನು ಕೇಳಿದ್ದಳು: ‘ಮನೇಲಿರೋ ಕಂಪ್ಯೂಟರ್‌ನ ಎಸ್‌ಎಂಪಿಎಸ್ ಮೇಲೆ 500 ವ್ಯಾಟ್ ಅಂತ ಇದೆ, ಸಾಕಾಗುತ್ತಾ?’ ಕಾರ್ಡ್‌ಗೆ ಬೇಕಿರೋದು 170 ವ್ಯಾಟ್. ನಾನು ಬೆಂಗಳೂರಲ್ಲಿ ಮೀಟಿಂಗ್ ಮಧ್ಯೆ ಇದ್ದೆ. ‘ಧಾರಾಳ ಸಾಕು, ಹಾಕ್ಸು’ ಅಂದೆ.

ಸಿನಿಮಾ ನೋಡುವಾಗ, ಕೋಡ್ ಬರೆಯುವಾಗ ಏನೂ ತೊಂದರೆ ಇಲ್ಲ. ಟ್ರೈನಿಂಗ್ ಶುರುವಾಗಿ ಹತ್ತು ನಿಮಿಷಕ್ಕೆ ಪರದೆ ಕಪ್ಪಾಗಿ ಕಂಪ್ಯೂಟರ್ ಆಫ್. ನಾನು ಸಾಫ್ಟ್‌ವೇರ್‌ನವನು, ನನ್ನ ಕಣ್ಣಿಗೆ ಬಿದ್ದಿದ್ದು ಸಾಫ್ಟ್‌ವೇರ್ ಮಾತ್ರ. ಡ್ರೈವರ್ ಬದಲಿಸಿದೆವು. ವಿಂಡೋಸ್ ಹೊಸದಾಗಿ ಹಾಕಿದೆವು. ಎರಡು ವಾರ ಹೋಯ್ತು. ಸಬ್ಮಿಷನ್‌ಗೆ ಉಳಿದಿದ್ದು ಮೂರು ವಾರ. ಕೊನೆಗೆ ಅವಳು, ‘ನನ್ನ ಕೋಡೇ ಸರಿ ಇಲ್ಲ ಅನ್ಸುತ್ತೆ ಅಣ್ಣ. ಕಾರ್ಡ್ ಮಾರಿ ಅಪ್ಪಂಗೆ ದುಡ್ಡು ಕೊಟ್ಬಿಡ್ತೀನಿ’ ಅಂದಳು. ಮಾರನೇ ದಿನ ನಾನು ಬಳ್ಳಾರಿ ಬಸ್ ಹತ್ತಿದೆ.

ಲೇಬಲ್‌ನ ಸಣ್ಣ ಅಕ್ಷರ

ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್ ಲೇಬಲ್ ಓದಿದೆ. ದೊಡ್ಡ ಅಕ್ಷರದಲ್ಲಿ 500 ವ್ಯಾಟ್. ಕೆಳಗಿನ ಸಣ್ಣ ಕೋಷ್ಟಕದಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಅಂತ ಬೇರೆ ಬೇರೆ ಸಾಲು. 12 ವೋಲ್ಟ್ ಎದುರಿಗೆ ಇದ್ದಿದ್ದು 18 ಆಂಪ್ ಮಾತ್ರ.

ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ವ್ಯಾಟ್. 12 × 18 = 216. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಹೆಚ್ಚುಕಮ್ಮಿ ಪೂರ್ತಿ ಕರೆಂಟ್ ಎಳೆಯೋದು ಈ 12 ವೋಲ್ಟ್ ಸಾಲಿನಿಂದಲೇ. ಅಂದರೆ ಅವಳ ಪಾಲಿಗೆ ಅದು 500 ವ್ಯಾಟ್‌ನದ್ದಲ್ಲ, 216 ವ್ಯಾಟ್‌ನದ್ದು.

ಬೇಕಿದ್ದೆಷ್ಟು? ಕಾರ್ಡ್‌ಗೆ 170. ಅವಳ ಐ5-12400 ಪ್ರೊಸೆಸರ್ ಜೋರಾಗಿ ಓಡುವಾಗ 117. ಫ್ಯಾನ್, ಡಿಸ್ಕ್, ಬೋರ್ಡ್ ಸೇರಿ ಇನ್ನೊಂದು 50 ಅಂದುಕೊಳ್ಳಿ. ಒಟ್ಟು 337 ವ್ಯಾಟ್, ಅಂದಾಜು 28 ಆಂಪ್. ಹದಿನೆಂಟಕ್ಕೂ ಇಪ್ಪತ್ತೆಂಟಕ್ಕೂ ಎಲ್ಲಿಯ ಸಾಟಿ? ಈ ಕಾರ್ಡ್‌ಗೆ ತಯಾರಕರೇ 550 ವ್ಯಾಟ್ ಸಪ್ಲೈ ಹೇಳಿದ್ದಾರೆ. ನಾನು ಅದನ್ನೂ ನೋಡಿರಲಿಲ್ಲ.

ಇನ್ನೊಂದು ಎಡವಟ್ಟು ಕಾದಿತ್ತು. ಕಾರ್ಡ್‌ಗೆ ಬೇಕಾದ 8 ಪಿನ್ ವೈರೇ ಆ ಎಸ್‌ಎಂಪಿಎಸ್‌ನಲ್ಲಿ ಇರಲಿಲ್ಲ. ಹಾರ್ಡ್‌ಡಿಸ್ಕ್‌ಗೆ ಕೊಡುವ ಹಳೇ 4 ಪಿನ್ ವೈರ್‌ಗಳಿಗೆ ಅಡಾಪ್ಟರ್ ಸಿಕ್ಕಿಸಿ ಕೊಟ್ಟಿದ್ದರು. ಮದರ್‌ಬೋರ್ಡ್ ಸ್ಲಾಟ್ ಕೊಡೋದು ಹೆಚ್ಚೆಂದರೆ 75 ವ್ಯಾಟ್, 6 ಪಿನ್ ವೈರ್ 75, 8 ಪಿನ್ 150. ಸ್ಲಾಟ್ ಕೊಟ್ಟು ಉಳಿದದ್ದೆಲ್ಲ ಆ ಸಣ್ಣ ವೈರ್‌ಗಳ ಮೇಲೆ ಬಿದ್ದಿತ್ತು. ಮುಟ್ಟಿದರೆ ಬಿಸಿ.

ಚಿಕ್ಕಪ್ಪನ ಪ್ರಶ್ನೆ

ಚಿಕ್ಕಪ್ಪ ಕಟ್ಟೆ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ‘ಅಲ್ಲ ಕಣಪ್ಪಾ, ಬೋರಿಗೆ ಮೋಟ್ರು ಇಳಿಸೋವಾಗ ಎಷ್ಟು ಹೆಚ್‌ಪಿ, ಎಷ್ಟು ಆಂಪ್ಸ್ ಎಳೀತೈತೆ, ಎಷ್ಟು ದಪ್ಪದ ಕೇಬಲ್ ಬೇಕು ಅಂತ ನೋಡಿ ತಗಂತೀವಿ. ನೀವು ಓದಿದೋರು ಡಬ್ಬಿ ಮೇಲಿನ ನಂಬರ್ ನೋಡಿ ತಗಂಡ್ರಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಆದ್ರೆ ಹತ್ತು ನಿಮಿಷ ಓಡ್ತಿತ್ತಲ್ಲ?’ ಅಂತ ತಂಗಿ ಕೇಳಿದಳು. ಅದಕ್ಕೂ ಮೋಟ್ರೇ ಉದಾಹರಣೆ. ಪಂಪ್‌ಸೆಟ್ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಓಡುವಾಗಿನದ್ದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಗ್ರಾಫಿಕ್ಸ್ ಕಾರ್ಡ್‌ದು ಅಷ್ಟಿಲ್ಲ. ಆದರೆ ಕೆಲಸದ ಹೊರೆ ಏರಿಳಿಯುವಾಗ ಕೆಲವು ಮಿಲಿಸೆಕೆಂಡ್ ಮಟ್ಟಿಗೆ ತನ್ನ 170 ವ್ಯಾಟ್ ದಾಟಿ ಎಳೆಯುತ್ತೆ. ಮೊದಲೇ ಏದುಸಿರು ಬಿಡುತ್ತಿದ್ದ ಎಸ್‌ಎಂಪಿಎಸ್ ಬಿಸಿಯಾಗುತ್ತಾ ಹೋಗಿ, ಅಂಥ ಒಂದು ಎಳೆತಕ್ಕೆ ಕೈಚೆಲ್ಲುತ್ತಿತ್ತು. ಆಫ್ ಆಗಿದ್ದೇ ಪುಣ್ಯ. ರಕ್ಷಣೆ ಇಲ್ಲದ ಅಗ್ಗದ ಎಸ್‌ಎಂಪಿಎಸ್ ಸಾಯುವಾಗ ಬೋರ್ಡನ್ನೂ ಕಾರ್ಡನ್ನೂ ಜತೆಗೆ ಕರೆದೊಯ್ಯಬಹುದು.

ಕೊಳ್ಳುವ ಮುಂಚೆ

ಹೊಸದು ತರುವಾಗ ಇಷ್ಟು ನೋಡಿದೆವು.

ಒಂದು, 12 ವೋಲ್ಟ್ ಸಾಲಿನ ಆಂಪ್. 550 ವ್ಯಾಟ್‌ನ ಒಳ್ಳೇ ಎಸ್‌ಎಂಪಿಎಸ್‌ನಲ್ಲಿ ಅದು 45ರ ಆಸುಪಾಸು ಇರುತ್ತೆ, ಅಂದರೆ 540 ವ್ಯಾಟ್. ನಮ್ಮ 28ಕ್ಕೆ ಸಾಕಷ್ಟು ಉಳಿಕೆ.

ಎರಡು, ಕಾರ್ಡ್‌ಗೆ ಬೇಕಾದ ಪಿನ್ ಎಸ್‌ಎಂಪಿಎಸ್‌ನಿಂದಲೇ ಬರಬೇಕು. ಬೇರೆ ಮಾಡೆಲ್‌ನ ಬಿಡಿ ಕೇಬಲ್ ತಂದು ಸಿಕ್ಕಿಸಬೇಡಿ. ತುದಿ ಹೊಂದಿದರೂ ಒಳಗಿನ ವೈರ್ ಜೋಡಣೆ ಬೇರೆ ಇರಬಹುದು, ಸುಟ್ಟುಹೋಗುತ್ತೆ.

ಮೂರು, ‘80 ಪ್ಲಸ್’ ಗುರುತು ಹೇಳೋದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನೋದನ್ನ, ಕಾರ್ಡ್‌ಗೆ ಎಷ್ಟು ಸಿಗುತ್ತೆ ಅನ್ನೋದನ್ನಲ್ಲ. ಆ ಪರೀಕ್ಷೆ ನಡೆಯೋದು 23 ಡಿಗ್ರಿ ಆಸುಪಾಸಿನಲ್ಲಿ. ನಮ್ಮೂರ ಬೇಸಿಗೆ ನಿಮಗೆ ಗೊತ್ತಲ್ಲ!

ನಾಲ್ಕು, ವೋಲ್ಟೇಜ್. ಸುತ್ತಲಿನ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದರೆ ಮನೆಯ ಬಲ್ಬ್ ಮಂಕಾಗುತ್ತೆ. ಹಾಗಾಗಿ ಲೇಬಲ್‌ನಲ್ಲಿ 100–240 ವೋಲ್ಟ್ ಅಂತ ಇರೋದನ್ನೇ ತಂದೆವು.

ಐದು, ಯುಪಿಎಸ್. ಕಂಪ್ಯೂಟರ್ ಒಳಗೆ 337 ವ್ಯಾಟ್ ಬೇಕಾದರೆ, ನೂರಕ್ಕೆ 85 ದಕ್ಕುವ ಎಸ್‌ಎಂಪಿಎಸ್ ಗೋಡೆಯಿಂದ ಸುಮಾರು 396 ಎಳೆಯುತ್ತೆ. ಮಾನಿಟರ್ ಬೇರೆ. ಮನೆಯಲ್ಲಿದ್ದ 600 ವಿಎ ಯುಪಿಎಸ್‌ನ ತಾಕತ್ತು 360 ವ್ಯಾಟ್. ಅಲ್ಲೂ ದೊಡ್ಡ ನಂಬರ್ ನೋಡಿ ನಾವು ಮೋಸ ಹೋಗಿದ್ದೆವು. ಅದನ್ನೂ 600 ವ್ಯಾಟ್‌ನದ್ದಕ್ಕೆ ಬದಲಿಸಿದೆವು. ಎರಡರ ದುಡ್ಡನ್ನೂ ನಾನೇ ಕೊಟ್ಟೆ. ತಪ್ಪು ನಂದಲ್ವಾ?

ಅವತ್ತು ರಾತ್ರಿ ತಂಗಿ ಟ್ರೈನಿಂಗ್ ಹಾಕಿದಳು. ಹತ್ತು ನಿಮಿಷ ಕಳೆಯುವವರೆಗೆ ಮೂವರೂ ಪರದೆ ನೋಡುತ್ತಾ ಕೂತಿದ್ದೆವು. ಇಪ್ಪತ್ತಾಯ್ತು, ಅರ್ಧ ಗಂಟೆ ಆಯ್ತು. ಚಿಕ್ಕಪ್ಪ ‘ಓಡ್ತೈತೆ ಬಿಡು’ ಅಂತ ಎದ್ದು ಮಲಗೋಕೆ ಹೋದರು. ಬೆಳಗ್ಗೆ ಆರಕ್ಕೆ ನೋಡಿದರೆ ಇನ್ನೂ ಓಡುತ್ತಲೇ ಇತ್ತು. ಅವಳ ಕೋಡ್‌ನಲ್ಲಿ ಏನೂ ತಪ್ಪಿರಲಿಲ್ಲ.

ಈಗ ಯಾರಾದರೂ ‘ಎಷ್ಟು ವ್ಯಾಟ್ ಸಾಕು?’ ಅಂತ ಕೇಳಿದರೆ ನಾನು ಉತ್ತರ ಕೊಡಲ್ಲ. ಮೊದಲು ಲೇಬಲ್ ಫೋಟೊ ಕಳಿಸಿ ಅಂತೀನಿ.