ಗಾಳಿ ಹೋಯಿತು, ಉಪ್ಪು ಉಳಿಯಿತು

2021ರ ಮೇ ತಿಂಗಳ ನಡುವಿನಲ್ಲಿ ಅರಬ್ಬೀ ಸಮುದ್ರದಲ್ಲಿ ಹುಟ್ಟಿದ ತೌಕ್ತೆ ಚಂಡಮಾರುತವು ಗೋವೆಯ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಸಾಗಿ, ಮೇ 17ರ ರಾತ್ರಿ ಗುಜರಾತಿನ ದಡವನ್ನು ಹೊಕ್ಕಿತು. ಗೋವೆಯಲ್ಲಿ ಮರಗಳು ಉರುಳಿದವು, ವಿದ್ಯುತ್ ಕಂಬಗಳು ಮುರಿದವು, ಮನೆಗಳ ಹಂಚು ತಗಡುಗಳು ಹಾರಿದವು. ಬಿದ್ದ ಮರವನ್ನು ಸರಿಸಿ, ಹಾರಿದ ತಗಡನ್ನು ಮತ್ತೆ ಹೊದಿಸಿದ ಮೇಲೆ ಹಾನಿಯ ಲೆಕ್ಕ ಮುಗಿಯಿತೆಂದು ತೋರುವುದು ಸಹಜ. ಆದರೆ ಕಡಲಗಾಳಿಯು ಗೋಡೆಗೂ ಚಾವಣಿಗೂ ತಂದು ಹಚ್ಚಿದ ಉಪ್ಪಿನ ಲೆಕ್ಕ ಆರಂಭವಾಗುವುದೇ ಆ ಬಳಿಕ. ಅದರ ಫಲ ಕಣ್ಣಿಗೆ ಬೀಳಲು ವರ್ಷಗಳೇ ಹಿಡಿಯುತ್ತವೆ.

ಉಪ್ಪು ಏನು ಮಾಡಬಲ್ಲದೆಂಬುದಕ್ಕೆ ಗೋವೆಯಲ್ಲಿಯೇ ದೊಡ್ಡ ನಿದರ್ಶನವಿದೆ. ಪಣಜಿಯ ಬಳಿ ಮಾಂಡವಿ ನದಿಗೆ ಕಟ್ಟಿದ್ದ ಮೊದಲ ಸೇತುವೆಯು ಎರಡು ದಶಕಗಳನ್ನೂ ಪೂರೈಸದೆ 1986ರ ಜುಲೈ 5ರಂದು ಕುಸಿದುಬಿದ್ದಿತು. ಜೀವಹಾನಿಯಾಯಿತು; ಜನರು ಮತ್ತೆ ಫೆರಿ ದೋಣಿಗಳನ್ನು ಹತ್ತಬೇಕಾಯಿತು. ಉಪ್ಪುಗಾಳಿಯಿಂದ ಒಳಗಿನ ಉಕ್ಕು ತುಕ್ಕು ತಿಂದದ್ದು ಆ ಪತನದ ಮುಖ್ಯ ಕಾರಣಗಳಲ್ಲಿ ಒಂದೆಂದು ತಂತ್ರಜ್ಞರು ಗುರುತಿಸಿದ್ದಾರೆ.

ಕಾಂಕ್ರೀಟಿನೊಳಗೆ ನಡೆಯುವುದು ಇಷ್ಟು. ಹೊಸ ಕಾಂಕ್ರೀಟು ತೀವ್ರ ಕ್ಷಾರಗುಣವುಳ್ಳದ್ದು. ಆ ಕ್ಷಾರದ ಆಶ್ರಯದಲ್ಲಿ ಉಕ್ಕಿನ ಸರಳಿನ ಮೇಲೆ ಕಣ್ಣಿಗೆ ಕಾಣದ ಒಂದು ರಕ್ಷಣೆಯ ಪೊರೆ ಏರ್ಪಡುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ನೀರಿನೊಡನೆ ಒಳಗಿಳಿದು ಆ ಪೊರೆಯನ್ನು ಭೇದಿಸುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕಾಲಕ್ರಮದಲ್ಲಿ ಕ್ಷಾರಗುಣವನ್ನೇ ಕುಗ್ಗಿಸುತ್ತದೆ. ಅನಂತರ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ತನ್ನ ಮೂಲದ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರಿದು, ಹೋಳು ಹೋಳಾಗಿ ಕಳಚಿ ಬೀಳುತ್ತದೆ.

ಗೋವೆಯ ಕನ್ನಡ ಕುಟುಂಬಗಳಿಗೆ ಈ ವಿಷಯ ಎರಡು ಬಗೆಯಲ್ಲಿ ಹತ್ತಿರದ್ದು. ವಾಸ್ಕೋ, ಝುವಾರಿನಗರ ಮೊದಲಾದ ಕಡೆ ನಮ್ಮವರು ಬಾಳುವ ಮನೆಗಳಿಗೆ ಕಡಲಗಾಳಿ ತಪ್ಪಿದ್ದಲ್ಲ. ಜೊತೆಗೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಬಂದ ನಮ್ಮ ಅನೇಕ ಮನೆತನಗಳು ಗೌಂಡಿ ಕೆಲಸವನ್ನೇ ನಂಬಿ ಬದುಕಿವೆ. ಬಯಲುಸೀಮೆಯ ರೂಢಿ ಕರಾವಳಿಗೆ ಸಲ್ಲದು. ಸರಳಿನ ಮೇಲೆ ಇರಬೇಕಾದ ಕಾಂಕ್ರೀಟಿನ ಹೊದಿಕೆಯು ಸೌಮ್ಯ ವಾತಾವರಣದಲ್ಲಿ 20 ಮಿಲಿಮೀಟರ್ ಇದ್ದರೆ ಸಾಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಕರಾವಳಿಯಲ್ಲಿ ಅದು 45 ಮಿಲಿಮೀಟರ್ ಇರಬೇಕು. ಕಡಲಿನ ತುಂತುರು ನೇರವಾಗಿ ತಾಗುವಲ್ಲಿ 50. ಹೊದಿಕೆ ತೆಳುವಾದಷ್ಟೂ ಉಪ್ಪಿನ ದಾರಿ ಹತ್ತಿರ.

ಆದುದರಿಂದ ಚಂಡಮಾರುತದ ಬಳಿಕ ಕಟ್ಟಡವನ್ನು ಒಮ್ಮೆಯಲ್ಲ, ಎರಡು ಬಾರಿ ಪರೀಕ್ಷಿಸಬೇಕು.

ಮೊದಲನೆಯದು ಗಾಳಿ ನಿಂತೊಡನೆ ಮಾಡುವ ಸುರಕ್ಷತೆಯ ಪರೀಕ್ಷೆ. ಗೋಡೆ ನೆನೆದಿದ್ದರೆ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಸ್ವಿಚ್ಚಿನ ಬಳಿಯೇ ನೀರಿದ್ದರೆ ಅದನ್ನು ಮುಟ್ಟದೆ ವಿದ್ಯುತ್ ಇಲಾಖೆಯವರನ್ನು ಕರೆಯಬೇಕು. ಕಂಬ ವಾಲಿದೆಯೇ, ಚಾವಣಿ ಜೋತುಬಿದ್ದಿದೆಯೇ, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊಸ ಬಿರುಕು ಹೊರಟಿದೆಯೇ, ಮೊದಲು ಸರಾಗವಾಗಿದ್ದ ಬಾಗಿಲು ಈಗ ಬಿಗಿಯುತ್ತಿದೆಯೇ ಎಂದು ನೋಡಬೇಕು. ಇವುಗಳಲ್ಲಿ ಒಂದು ಕಂಡರೂ ಎಂಜಿನಿಯರರು ನೋಡುವ ತನಕ ಒಳಗೆ ಮಲಗಬಾರದು. ಗುಡಿಸುವ ಮುನ್ನ ಪ್ರತಿಯೊಂದು ಹಾನಿಯ ಛಾಯಾಚಿತ್ರವನ್ನು ತೆಗೆದಿಡಬೇಕು. ಮಾಮಲೇದಾರರ ಕಚೇರಿಗೆ ಪರಿಹಾರದ ಅರ್ಜಿ ಸಲ್ಲಿಸುವಾಗ ಅದೇ ಸಾಕ್ಷಿ.

ಎರಡನೆಯದು ದೀಪಾವಳಿಯ ಹೊತ್ತಿನ ಪರೀಕ್ಷೆ. ಮೇ ತಿಂಗಳಲ್ಲಿ ನೆನೆದ ಗೋಡೆಗೆ ಒಣಗಲು ಬಿಡುವಿಲ್ಲ. ಮೂರು ವಾರಗಳೊಳಗೆ ಮುಂಗಾರು ಬರುತ್ತದೆ. ನಾಲ್ಕು ತಿಂಗಳು ಎಲ್ಲ ಗೋಡೆಯೂ ಒದ್ದೆಯಾಗಿಯೇ ಕಾಣುವಾಗ ಯಾವುದು ಮಳೆಯ ತೇವ, ಯಾವುದು ಒಳಗಿನ ರೋಗ ಎಂದು ತಿಳಿಯದು. ಮಳೆ ನಿಂತು ಗೋಡೆ ಒಣಗಿದ ಮೇಲೆ ಎರಡೂ ಬೇರೆಯಾಗುತ್ತವೆ. ಆಗಲೂ ಒದ್ದೆಯಾಗಿ ಉಳಿದ ಜಾಗದಲ್ಲಿ ನೀರು ಎಲ್ಲಿಂದಲೋ ಇಳಿಯುತ್ತಿರಬಹುದು, ಇಲ್ಲವೇ ಉಪ್ಪು ತುಂಬಿ ಗಾಳಿಯ ತೇವವನ್ನು ಹೀರುತ್ತಿರಬಹುದು.

ಎಲ್ಲಿ ನೋಡಬೇಕೆಂಬುದೂ ಮುಖ್ಯ. ಮಳೆಗೆ ತೆರೆದ ಗೋಡೆಯ ಮೇಲಿನ ಉಪ್ಪನ್ನು ಮಳೆಯೇ ಬಹುಮಟ್ಟಿಗೆ ತೊಳೆಯುತ್ತದೆ. ಸಜ್ಜೆಯ ಅಡಿ, ಬಾಲ್ಕನಿಯ ತಳಭಾಗ, ಜಗಲಿಯ ಚಾವಣಿ, ಮೆಟ್ಟಿಲಿನ ಕೆಳಗು ಇವು ಮಳೆ ತಲುಪದ ಜಾಗಗಳು. ಉಪ್ಪು ಕೂಡಿಕೊಳ್ಳುವುದು ಅಲ್ಲಿಯೇ. ಮಕ್ಕಳು ನಿಲ್ಲುವುದೂ ಆಡುವುದೂ ಅವುಗಳ ಅಡಿಯಲ್ಲಿಯೇ.

ಅಲ್ಲಿ ಸರಳಿನ ಜಾಡಿನಲ್ಲಿಯೇ ನೇರವಾಗಿ ಓಡುವ ಬಿರುಕು, ಅದರಿಂದ ಇಳಿದ ಕಂದು ಕಲೆ, ಉಬ್ಬಿದ ಗಿಲಾವು ಇವು ತುಕ್ಕಿನ ಗುರುತುಗಳು. ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳು ಬಹುಮಟ್ಟಿಗೆ ಗಿಲಾವಿನವು ಮಾತ್ರ. ಸಂತೆಯಲ್ಲಿ ಗಡಿಗೆಯನ್ನು ತಟ್ಟಿ ಕೊಳ್ಳುವಂತೆ ಇಲ್ಲಿಯೂ ಪಕ್ಕಕ್ಕೆ ನಿಂತು ಉದ್ದನೆಯ ಕೋಲಿನಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ಕಾಂಕ್ರೀಟು ಖಣಿಲ್ ಎನ್ನುತ್ತದೆ. ಒಳಗೆ ಬಿಟ್ಟುಕೊಂಡದ್ದು ಟೊಳ್ಳು ಸದ್ದು ಕೊಡುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನ ಗೆರೆ ಎಳೆದು ದಿನಾಂಕ ಬರೆದಿಟ್ಟರೆ, ಅದು ಬೆಳೆಯುತ್ತಿದೆಯೋ ಇಲ್ಲವೋ ಎಂಬುದು ಕೆಲವು ತಿಂಗಳಲ್ಲಿ ತಿಳಿಯುತ್ತದೆ.

ಮುಂದಿನ ಕೆಲಸ ಎಂಜಿನಿಯರರದು. ಅವರ ಪರೀಕ್ಷೆಗಳಲ್ಲಿ ಒಂದು ನಮ್ಮ ಶಾಲಾಮಕ್ಕಳಿಗೂ ಪರಿಚಿತ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಿದರೆ ಕ್ಷಾರಗುಣ ಉಳಿದಿರುವ ಭಾಗ ಗುಲಾಬಿಯಾಗುತ್ತದೆ, ಕಳೆದುಕೊಂಡ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಗುಲಾಬಿ ಬಂದ ಮಾತ್ರಕ್ಕೆ ಕ್ಲೋರೈಡ್ ಇಲ್ಲವೆಂದು ಅರ್ಥವಲ್ಲ. ಅದಕ್ಕಾಗಿ ಕಾಂಕ್ರೀಟಿನ ಪುಡಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ತುಕ್ಕಿನ ಕ್ರಿಯೆ ನಡೆಯುತ್ತಿರುವ ಸಂಭವವನ್ನು ಸರಳಿನ ವಿದ್ಯುತ್ ವಿಭವವನ್ನು ಅಳೆದು ಅಂದಾಜು ಮಾಡುತ್ತಾರೆ.

ಈ ಹಂತದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ: ಬಿರುಕಿನ ಮೇಲೆ ಸಿಮೆಂಟು ಮೆತ್ತಿ ಸುಣ್ಣ ಬಳಿದುಬಿಡುವುದು. ಅದರಿಂದ ಕಲೆ ಮರೆಯಾಗುತ್ತದೆ, ತುಕ್ಕು ಮುಂದುವರಿಯುತ್ತದೆ. ಸಡಿಲವಾದುದನ್ನೆಲ್ಲ ಸರಳಿನ ಹಿಂಬದಿಯವರೆಗೆ ಕೆತ್ತಿ, ಸರಳನ್ನು ಹೊಳೆಯುವಂತೆ ಉಜ್ಜಿ, ಬಹಳ ಸವೆದಿದ್ದರೆ ಹೊಸ ಸರಳನ್ನು ಜೋಡಿಸಿ, ತುಕ್ಕುನಿರೋಧಕ ಲೇಪವನ್ನು ಹಚ್ಚಿದ ಮೇಲೆಯೇ ಹೊಸ ಗಾರೆ ಹಾಕಬೇಕು. ಕೆತ್ತುವಾಗ ಚಾವಣಿಗೆ ಊರೆ ಕೊಟ್ಟಿರಬೇಕು. ಎಲ್ಲಕ್ಕೂ ಮೊದಲು ನೀರು ಇಳಿಯುವ ದಾರಿ ಮುಚ್ಚಿರಬೇಕು. ಕಡಲ ಮರಳನ್ನಾಗಲಿ ಸವಳು ನೀರನ್ನಾಗಲಿ ಬಳಸಿದರೆ ಉಪ್ಪನ್ನು ನಾವೇ ಕೈಯಾರೆ ಒಳಗಿಟ್ಟಂತೆ.

ಪರೀಕ್ಷೆ ಮಾಡಿಸಿ ವರದಿಯನ್ನು ಕಪಾಟಿನಲ್ಲಿಟ್ಟರೂ ಫಲವಿಲ್ಲ. ತೌಕ್ತೆ ಬಂದುಹೋದ ಮರುತಿಂಗಳು, 2021ರ ಜೂನ್ 24ರಂದು, ಅಮೆರಿಕದ ಫ್ಲಾರಿಡಾ ಕಡಲತೀರದ ಸರ್ಫ್‌ಸೈಡ್‌ನಲ್ಲಿ ಬಹುಮಹಡಿ ವಸತಿ ಕಟ್ಟಡವೊಂದು ನಡುರಾತ್ರಿಯಲ್ಲಿ ಕುಸಿದು 98 ಮಂದಿ ಸತ್ತರು. ನೀರು ಇಂಗಿ ಅಲ್ಲಿನ ಕಾಂಕ್ರೀಟು ಹಾಳಾಗುತ್ತಿದೆಯೆಂದು 2018ರಲ್ಲಿಯೇ ಎಂಜಿನಿಯರರ ವರದಿ ಎಚ್ಚರಿಸಿತ್ತು. ಪ್ರಮುಖ ದುರಸ್ತಿ ನಡೆಯುವಷ್ಟರಲ್ಲಿ ಕಾಲ ಮೀರಿತ್ತು.

ಬಾಡಿಗೆಯ ಮನೆಯಾದರೆ ಮಾಲೀಕರಿಗೆ ದಿನಾಂಕ ಸಹಿತ ಬರೆದು ತಿಳಿಸಿ, ಒಂದು ಪ್ರತಿಯನ್ನು ಇಟ್ಟುಕೊಳ್ಳುವುದು ಲೇಸು. ಶಾಲೆಯ ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಮಾತಿನ ಜೊತೆಗೆ ಜಗಲಿಯ ಚಾವಣಿಯನ್ನು ಕಳೆದ ಬಾರಿ ಯಾರು, ಎಂದು ಪರೀಕ್ಷಿಸಿದರೆಂದು ಕೇಳಬೇಕು. ನಮ್ಮ ನಡುವೆಯೇ ಅನುಭವಿ ಗೌಂಡಿಗಳಿದ್ದಾರೆ. ಮಳೆಗಾಲ ಮುಗಿದ ಒಂದು ಭಾನುವಾರ ಅವರು ಕೋಲು ಹಿಡಿದು ಶಾಲೆಯ ಸುತ್ತ ಒಂದು ಸಲ ಬಂದರೆ, ಎಂಜಿನಿಯರರನ್ನು ಯಾವ ಜಾಗಕ್ಕೆ ಕರೆಯಬೇಕೆಂಬುದು ಆ ದಿನವೇ ತಿಳಿಯುತ್ತದೆ.